ಅಕ್ಕನ ನಾಯಿಗೊಂದು ಮನೆ

ನಾಯಿಗೆ ಒಂದು ಒಳ್ಳೆಯ ಮನೆ ಹುಡುಕಿಕೊಡುತ್ತೇನೆ ಎಂದು ನಾನು ಮಾತು ಕೊಟ್ಟದ್ದು ಕಾಗೆಗೆ. ಮನುಷ್ಯರಿಗೆ ಕೊಟ್ಟಿದ್ದರೆ ಹೇಗಾದರೂ ಜಾರಿಕೊಳ್ಳುತ್ತಿದ್ದೆ. ಮುಂಬೈಯಲ್ಲಿ ಮೂವತ್ತು ವರ್ಷ ಕ್ಯಾಂಟೀನ್ ನಡೆಸಿದವನಿಗೆ ‘ನಾಳೆ ಬನ್ನಿ, ನೋಡುವ’ ಎನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಕಾಗೆಯ ಹತ್ತಿರ ನಾಳೆ ಬಾ ಎನ್ನುವುದು ಹೇಗೆ?

ಅದು ಅಕ್ಕನ ಬೊಜ್ಜದ ದಿನ. ಸತ್ತವರ ಕ್ರಿಯೆ ಮುಗಿಸಿ ನೆಂಟರಿಷ್ಟರಿಗೆ ಊಟ ಹಾಕುವುದಕ್ಕೆ ನಮ್ಮ ಕಡೆ ಬೊಜ್ಜ ಎನ್ನುತ್ತಾರೆ. ಅಕ್ಕನ ಗಂಡ ಬೇಗ ಹೋಗಿದ್ದ, ಮಕ್ಕಳಿರಲಿಲ್ಲ, ಹಾಗಾಗಿ ಕ್ರಿಯೆಗೆ ಕೂತವನು ತಮ್ಮನಾದ ನಾನು. ಕೋಟದ ಹತ್ತಿರ ಒಂದು ದೊಡ್ಡ ಮನೆಯ ಹಿಂಬದಿಯ ಎರಡು ಕೋಣೆಯ ಬಿಡಾರದಲ್ಲಿ ಅವಳು ಬಾಡಿಗೆಗಿದ್ದಳು. ಪಕ್ಕದ ಸರಕಾರಿ ಶಾಲೆಯಲ್ಲಿ ಮಕ್ಕಳ ಬಿಸಿಯೂಟಕ್ಕೆ ಅಡುಗೆ ಮಾಡುತ್ತಿದ್ದಳು. ಒಂದು ದಿನ ಅಡುಗೆ ಮುಗಿಸಿ ಬಂದು, ಎದೆ ಉರಿಯುತ್ತದೆ ಎಂದು ಮಲಗಿದವಳು ಏಳಲಿಲ್ಲ.

ಬೊಜ್ಜದ ದಿನ ಸತ್ತವರ ಹೆಸರಿನಲ್ಲಿ ಬಾಳೆಎಲೆಯಲ್ಲಿ ಅನ್ನ, ಪಾಯಸ, ವಡೆ ಎಲ್ಲ ಬಡಿಸಿ ಹೊರಗೆ ಇಡುತ್ತಾರೆ. ಕಾಗೆ ಬಂದು ಮುಟ್ಟಬೇಕು. ಮುಟ್ಟದೆ ಯಾರೂ ಊಟಕ್ಕೆ ಕೂರುವಂತಿಲ್ಲ. ನಾವು ಎಲೆಯನ್ನು ಅಂಗಳದ ಸುತ್ತಿನ ಪಾಗಾರದ ಗೋಡೆಯ ಮೇಲೆ ಇಟ್ಟು ಕೈಮುಗಿದು ನಿಂತೆವು. ಕಾಗೆಗಳೇನೋ ಇದ್ದವು; ದಂಡಿಯಾಗಿಯೇ ಇದ್ದವು. ಎದುರಿನ ಗೋಳಿಮರದಲ್ಲಿ ಕೂತು ನಮ್ಮನ್ನು ನೋಡುತ್ತಿದ್ದವು. ಒಂದೂ ಕೆಳಗಿಳಿಯಲಿಲ್ಲ. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು. ಗಡಿಯಾರ ಎರಡರ ಹತ್ತಿರ ಬಂತು. ನನಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆಯಿಂದ ಉಪವಾಸ, ಕಣ್ಣು ಕತ್ತಲೆ ಬರುತ್ತಿತ್ತು.

ಭಟ್ಟರು ಹೇಳಿದರು: “ಎಂತದೋ ಆಸೆ ಉಳ್ದಿತ್ತ್ ಕಾಣಿ. ಬಾಯ್ಬಿಟ್ಟ್ ಹೇಳಿ, ಮಾಡಿಸ್ತೆ ಅಂದೇಳಿ.”

ಅದೂ ನಮ್ಮಲ್ಲಿ ಇರುವ ಪದ್ಧತಿಯೇ. ಕಾಗೆ ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿದ್ದ ಆಸೆ ಯಾವುದೆಂದು ಊಹಿಸಿ, ಬಂಧುಗಳು ಒಬ್ಬೊಬ್ಬರಾಗಿ ಗಟ್ಟಿಯಾಗಿ ಮಾತು ಕೊಡಬೇಕು. ಯಾರೋ ಕೊಲ್ಲೂರಿನ ಹರಕೆ ತೀರಿಸುತ್ತೇವೆ ಎಂದರು. ನನ್ನ ಹೆಂಡತಿ, ಅಕ್ಕನ ತುಳಸಿಕಟ್ಟೆಯನ್ನು ನಮ್ಮ ಮನೆಗೆ ಒಯ್ದು ದೀಪ ಇಡುತ್ತೇನೆ ಎಂದಳು. ಕಾಗೆಗಳು ಅಲ್ಲಾಡಲಿಲ್ಲ. ಪಾಯಸ ಅವಳಿಗೆ ಪ್ರಾಣ, ಇನ್ನೂ ಒಂದು ಸೌಟು ಬಡಿಸಿ ಎಂದೆ ನಾನು. ದೊಡ್ಡ ಮನೆಯ ಒಡತಿ, ಊರೆಲ್ಲ ದೊಡ್ಡಮ್ಮ ಎಂದು ಕರೆಯುವ ಹೆಂಗಸು, ನನ್ನ ಮುಖ ನೋಡಿ, “ಪಾಯ್ಸ ಅವ್ಳ್ ಬಾಯಿಗೂ ಹಾಕ್ತಿರ್ಲಿಲ್ಲೆ ಮಾರಾಯ್ರೆ” ಎಂದರು. ನಾಲ್ಕು ಜನರ ಎದುರು ನನಗೆ ಮುಖಭಂಗವಾಯಿತು. ಆಮೇಲೆ ದೊಡ್ಡಮ್ಮನೇ, “ಆ ನಾಯಿದ್ ಒಂದ್ ಹೇಳಿ ಕಾಂಬ” ಎಂದರು.

ಪಾಗಾರದ ಬುಡದಲ್ಲಿ ಅಕ್ಕನ ನಾಯಿ ಮಲಗಿತ್ತು. ಸಿಟ್ಟು, ಹಸಿವು, ಅವಮಾನ ಎಲ್ಲ ಒಟ್ಟಿಗೆ ಬಂದು ನಾನು ಮರದ ಕಡೆ ತಿರುಗಿ ಕೂಗಿದೆ: “ಆಯ್ತ್ ಮಾರಾಯ್ತಿ! ನಿನ್ನ್ ನಾಯಿಗೆ ಒಂದ್ ಒಳ್ಳೆ ಮನಿ ಹುಡ್ಕಿ ಕೊಡ್ತೆ. ಈಗಳಾದ್ರೂ ಬಾ!”

ಕಾಗೆ ಇಳಿದುಬಂತು. ಒಂದಲ್ಲ, ಮೂರು. ಎಲ್ಲರೂ ಉಸ್ಸೆಂದು ಉಸಿರು ಬಿಟ್ಟು ಎಲೆಗೆ ಓಡಿದರು. ಅಕ್ಕನೇ ಬಂದಳೋ, ಬಿಸಿಲು ಸರಿದು ಪಾಗಾರಕ್ಕೆ ನೆರಳು ಬಿದ್ದದ್ದಕ್ಕೆ ವಡೆ ತಿನ್ನಲು ಕಾಗೆ ಬಂತೋ, ನನಗೆ ಇಂದಿಗೂ ಬಗೆಹರಿದಿಲ್ಲ. ಬಗೆಹರಿಯದಿದ್ದರೂ ಕೊಟ್ಟ ಮಾತು ಊರಿಗೆಲ್ಲ ಕೇಳಿಸಿತ್ತು. ಕೈ ತೊಳೆಯುವಾಗ ಹೆಂಡತಿ ಕಿವಿಯ ಹತ್ತಿರ ಬಂದು, “ಹುಡ್ಕಿ ಕೊಡ್ತೆ ಅಂದದ್ದ್ ಒಳ್ಳೇದಾಯ್ತ್. ಸಾಕ್ತೆ ಅಂದೇಳಿದ್ರೆ ನಿಮ್ಮನ್ನೂ ನಾಯಿನೂ ಒಟ್ಟಿಗೆ ಹೊರಗೆ ಹಾಕ್ತಿದ್ದೆ” ಎಂದಳು.

ಅವಳನ್ನು ಬೈಯುವಂತಿಲ್ಲ. ನಾವಿರುವುದು ಕುಂದಾಪುರದಲ್ಲಿ, ಬಾಡಿಗೆಯ ಮಹಡಿಯಲ್ಲಿ. ನಾಯಿ ಬೆಕ್ಕು ಕೂಡದು ಎಂದು ಮನೆ ಮಾಲೀಕರು ಮೊದಲೇ ಹೇಳಿದ್ದಾರೆ. ಅವಳಿಗೆ ಬೇರೆ ಉಬ್ಬಸ. ದೊಡ್ಡಮ್ಮನೂ ಇಟ್ಟುಕೊಳ್ಳುವ ಹಾಗಿರಲಿಲ್ಲ. ಬಿಡಾರದ ಹಂಚು ಇಳಿಸಿ ರಿಪೇರಿ ಮಾಡಿಸುವುದಿತ್ತು, ಒಂದೂವರೆ ತಿಂಗಳಲ್ಲಿ ಖಾಲಿ ಮಾಡಿಕೊಡಿ ಎಂದಿದ್ದರು. ಅಷ್ಟರೊಳಗೆ ಮನೆ ಸಿಗದಿದ್ದರೆ ನಾಯಿ ಮತ್ತೆ ಹೆದ್ದಾರಿಗೇ.

‘ಮತ್ತೆ’ ಎಂದದ್ದು ಯಾಕೆಂದರೆ ಅದು ಬಂದದ್ದೇ ಅಲ್ಲಿಂದ. ನಾಲ್ಕು ವರ್ಷದ ಹಿಂದೆ ಯಾವುದೋ ವಾಹನ ಹೊಡೆದು ಚರಂಡಿಯ ಬದಿ ಬಿದ್ದಿತ್ತಂತೆ. ಅಕ್ಕ ಶಾಲೆಯ ಅಕ್ಕಿಚೀಲದಲ್ಲಿ ಸುತ್ತಿ ತಂದಳಂತೆ. ಆಗಲೇ ಅದು ಬಲಿತ ನಾಯಿ. ಈಗ ಹತ್ತು ವರ್ಷವಾದರೂ ಆಗಿರಬೇಕು ಎಂದರು ದನದ ಡಾಕ್ಟರು. ಕಂದು ಬಣ್ಣ, ಮೂತಿಯೆಲ್ಲ ನರೆತು ಬೆಳ್ಳಗಾಗಿದೆ, ಒಂದು ಕಿವಿ ಹರಿದಿದೆ, ಹಿಂದಿನ ಎಡಗಾಲು ಎಳೆಯುತ್ತದೆ. ಹೆಸರು ಎಂತ ಎಂದು ದೊಡ್ಡಮ್ಮನನ್ನು ಕೇಳಿದೆ. ಹೆಸರಿಲ್ಲ, ಮನೆಯ ಹುಡುಗಿಯನ್ನು ಕರೆದ ಹಾಗೆ ‘ಹೆಣೆ’ ಎಂದು ಕರೆಯುತ್ತಿದ್ದಳು, ಅಷ್ಟೇ ಎಂದರು. ನಾನು ‘ಹೆಣೆ’ ಎಂದರೆ ಅದು ತಕ್ಷಣ ತಲೆಯೆತ್ತಿ ನೋಡುತ್ತಿತ್ತು. ದೊಡ್ಡಮ್ಮ ಕರೆದರೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ನನ್ನ ಗಂಟಲಲ್ಲಿ ಅಧಿಕಾರವಿದೆ, ಕ್ಯಾಂಟೀನಿನಲ್ಲಿ ಹತ್ತು ಜನರನ್ನು ನಡೆಸಿದವನಲ್ಲವೇ ಎಂದು ಒಳಗೊಳಗೇ ಹಿಗ್ಗಿದೆ.

ಮೊದಲ ಮನೆ ಬ್ರಹ್ಮಾವರದ ಕಡೆ ಸಿಕ್ಕಿತು. ನನ್ನ ಜೊತೆ ಶಾಲೆಗೆ ಹೋದವನೊಬ್ಬ ಅಲ್ಲಿ ಹೂವಿನ ಗಿಡಗಳ ನರ್ಸರಿ ಇಟ್ಟಿದ್ದಾನೆ. ಕಾವಲಿಗೆ ನಾಯಿ ಬೇಕಿತ್ತು. ಜೋರು ಇತ್ತಾ ಎಂದು ಕೇಳಿದ. ಜೋರೇ ಎಂದೆ. ಬೊಗಳುತ್ತದಾ ಎಂದ. ಊರು ಏಳುವಂತೆ ಬೊಗಳುತ್ತದೆ ಎಂದೆ. ನಾನು ಅದು ಬೊಗಳಿದ್ದನ್ನು ಒಂದು ದಿನವೂ ಕೇಳಿರಲಿಲ್ಲ. ಆದರೆ ಹೆಣ್ಣು ನೋಡಲು ಬಂದವರ ಹತ್ತಿರ ಹುಡುಗಿಗೆ ಹಾಡು ಬರುವುದಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ! ರಿಕ್ಷಾದಲ್ಲಿ ಕೂರಿಸಿ ಬಿಟ್ಟುಬಂದೆ. ಎಷ್ಟು ಹಗುರಾದೆನೆಂದರೆ ಹೋಟೆಲಿಗೆ ಹೋಗಿ ಗೋಳಿಬಜೆ ತಿಂದೆ.

ಮೂರನೆಯ ದಿನ ಅವನ ಫೋನು. “ಹ್ವಾಯ್, ಎಂತ ನಾಯಿ ಮಾರಾಯ ಕೊಟ್ಟದ್ದ್ ನೀನ್? ಬೊಗಳೂದ್ ಬಿಡ್, ಬಂದಾಗಿಂದ ಒಂದಗಳ್ ಮುಟ್ಟಲಿಲ್ಲೆ. ಗುಲಾಬಿ ಗಿಡದ್ ಬುಡ್ದಗೆ ಬಿದ್ಕಂಡಿತ್ತ್. ನನ್ ಜಾಗ್ದಗೆ ಸಾಯೂದ್ ಬ್ಯಾಡ.”

ಕರೆದುಕೊಂಡು ಬಂದೆ. ಬಿಡಾರಕ್ಕೆ ಬಂದು, ಬಟ್ಟಲಿಗೆ ಗಂಜಿ ಹಾಕಿ, ಅದಕ್ಕೂ ಅವನಿಗೂ ಅಕ್ಕನಿಗೂ ಸೇರಿಸಿ ಬಾಯಿಗೆ ಬಂದಂತೆ ಬೈದೆ. ಅದು ಗಂಜಿಯನ್ನು ಬುಡದವರೆಗೆ ನೆಕ್ಕಿತು. ಮೂರು ದಿನ ಉಪವಾಸ ಇದ್ದ ನಾಯಿ ಬೈಗುಳ ತಿನ್ನುತ್ತಾ ಗಂಜಿ ಕುಡಿಯುವುದು ನೋಡಿ ನನಗೆ ತಲೆಬುಡ ಅರ್ಥವಾಗಲಿಲ್ಲ.

ಹೆಂಡತಿಗೆ ಹೇಳಿ ನಾನು ಬಿಡಾರದಲ್ಲೇ ಉಳಿದೆ. ಸಾಮಾನು ಖಾಲಿ ಮಾಡುವ ನೆವವೂ ಇತ್ತು. ವಾಟ್ಸಾಪಿನಲ್ಲಿ ಹಾಕಿದರೆ ಯಾರಾದರೂ ಮುಂದೆ ಬಂದಾರು ಎಂದು ಯೋಚನೆ ಬಂತು. ಅಕ್ಕನ ಶ್ರದ್ಧಾಂಜಲಿಯ ಫೋಟೋ ಮಾಡಿಕೊಟ್ಟ ಸ್ಟುಡಿಯೋದವನ ಹತ್ತಿರವೇ ನಾಯಿಯ ಫೋಟೋ ಕೊಟ್ಟು, ಚೆಂದ ಮಾಡಿ ‘ಮನೆ ಬೇಕಾಗಿದೆ’ ಎಂದು ಬರೆದುಕೊಡಿ ಎಂದೆ. ಅವನು ನಿಜವಾಗಿಯೂ ಚೆಂದ ಮಾಡಿದ. ಅಕ್ಕನಿಗೆ ಹಾಕಿದ ಗೊಂಡೆಹೂವಿನ ಚೌಕಟ್ಟನ್ನೇ ನಾಯಿಗೂ ಹಾಕಿದ, ಎರಡು ಬದಿಗೆ ದೀಪ ಇಟ್ಟ. ಬರಹ ಕೆಳಗೆ ಸಣ್ಣದಾಗಿತ್ತು. ನಾನು ಕನ್ನಡಕ ಇಲ್ಲದೆ ನೋಡಿ ಇದ್ದಬದ್ದ ಎಲ್ಲಾ ಗ್ರೂಪಿಗೂ ಕಳಿಸಿದೆ.

ಹತ್ತು ನಿಮಿಷದಲ್ಲಿ ‘ಓಂ ಶಾಂತಿ’ ಬರತೊಡಗಿತು. ಕೈಮುಗಿದ ಚಿತ್ರಗಳು ಸಾಲುಸಾಲು. ‘ಆತ್ಮಕ್ಕೆ ಸದ್ಗತಿ ಸಿಗಲಿ’ ಎಂದು ನನ್ನ ಭಾವಮೈದುನ. ಮುಂಬೈಯಿಂದ ಹಳೆಯ ಪಾಲುದಾರ ಫೋನ್ ಮಾಡಿ, ಅಕ್ಕ ಹೋಗಿ ತಿಂಗಳಾಗಲಿಲ್ಲ, ನಾಯಿಯೂ ಹೋಯಿತಾ, ಧೈರ್ಯ ತಂದುಕೋ ಎಂದು ಸಮಾಧಾನ ಹೇಳಿದ. ಇಲ್ಲ ಮಾರಾಯ, ಅದು ನನ್ನ ಚಪ್ಪಲಿ ಕಚ್ಚಿಕೊಂಡು ಎದುರೇ ಕೂತಿದೆ ಎಂದು ಕಿರುಚಿದೆ. ಅವನು ನನಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡಿರಬೇಕು, ಹೆಂಡತಿಗೆ ಫೋನ್ ಮಾಡಿ ನನ್ನನ್ನು ನೋಡಿಕೊಳ್ಳಲು ಹೇಳಿದನಂತೆ.

ಸಣ್ಣ ಅಕ್ಷರವನ್ನು ಪೂರ್ತಿ ಓದಿದವರು ಒಬ್ಬರೇ. ನಾವುಂದದಲ್ಲಿ ಒಣಮೀನಿನ ವ್ಯಾಪಾರ ಮಾಡುವ ಒಬ್ಬ ಹೆಂಗಸು. ಅವರ ಹದಿನಾಲ್ಕು ವರ್ಷದ ನಾಯಿ ಹೋದ ಮಳೆಗಾಲದಲ್ಲಿ ಸತ್ತಿತ್ತು. ಮರಿ ಬೇಡ, ಮರಿಯ ಹಿಂದೆ ಓಡಲು ತನ್ನಿಂದಾಗದು, ವಯಸ್ಸಾದದ್ದೇ ಆಗಬೇಕು ಎಂದರು. ನನಗೆ ಲಾಟರಿ ಹೊಡೆದಷ್ಟು ಸಂತೋಷವಾಯಿತು. ಆದರೆ ಆಮೇಲೆ ಅವರು ಪ್ರಶ್ನೆ ಕೇಳತೊಡಗಿದರು.

“ಎಂತ ತಿಂತ್?”

“ಎಲ್ಲಾ ತಿಂತ್.”

“ಎಲ್ಲಾ ಅಂದ್ರೆ? ಮೀನಿನ್ ಮುಳ್ಳ್ ಸಮಾ ಮಾಡಿ ತಿಂಬುಕ್ ಬತ್ತಾ? ಗುಡ್ಗಿಗೆ ಹೆದರ್ತಾ? ಒಳಗೆ ಮಲಗ್ತಾ, ಹೊರಗಾ? ಕಾಲ್ ಯಾವಾಗ ನೋಯ್ತ್?”

ನಾನು ತೊದಲಿದೆ. ಅವರು ನಕ್ಕದ್ದು ಕೇಳಿಸಿತು. “ನಿಮ್ಗೇ ಗೊತ್ತಿಲ್ದಿದ್ ನಾಯಿನ ನಂಗೆ ಕೊಡೂದಾ? ಗೊತ್ತ್ ಮಾಡ್ಕಂಡ್ ಫೋನ್ ಮಾಡಿ. ನಾನ್ ಬ್ಯಾರೆ ತಕಂತಿಲ್ಲೆ, ಕಾಯ್ತೆ.”

ಫೋನ್ ಇಟ್ಟಮೇಲೆ ನನಗೆ ಬಂದ ಸಿಟ್ಟು! ಒಂದು ಮುದಿ ಕುಂಟು ನಾಯಿಗೆ ಇಷ್ಟು ವಿಚಾರಣೆಯೇ? ಆದರೂ ಬೇರೆ ದಾರಿ ಇರಲಿಲ್ಲ. ಮರುದಿನದಿಂದ ನಾನು ಅದರ ಹಿಂದೆ ಬಿದ್ದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯತೊಡಗಿದೆ. ಬೆಳಕು ಹರಿಯುವ ಮೊದಲೇ ಏಳುತ್ತದೆ, ಬಾವಿಕಟ್ಟೆಗೆ ಹೋಗಿ ಕೂರುತ್ತದೆ. ಶಾಲೆಯ ಗಂಟೆ ಹೊಡೆದರೆ ಅಡುಗೆಕೋಣೆಯ ಹೊರಗೆ ಹೋಗಿ, ಹೊಸದಾಗಿ ಬಂದ ಅಡುಗೆಯವಳನ್ನು ಒಂದು ಸಲ ನೋಡಿ ವಾಪಸು ಬರುತ್ತದೆ. ತೆಂಗಿನಕಾಯಿ ತುರಿಯುವ ಸದ್ದಿಗೆ ಎಲ್ಲಿದ್ದರೂ ಹಾಜರು. ಮೋಡ ಕಟ್ಟಿದ ದಿನ ಎಡಗಾಲನ್ನು ಹೆಚ್ಚು ಎಳೆಯುತ್ತದೆ. ಮಲಗುವುದು ಒಳಗೂ ಅಲ್ಲ, ಹೊರಗೂ ಅಲ್ಲ. ಮೈ ಹೊರಗೆ, ತಲೆ ಮಾತ್ರ ಹೊಸ್ತಿಲಿನ ಮೇಲೆ. ಗುಡುಗಿನ ವಿಷಯ ಮಾತ್ರ ನನ್ನ ಕೈಯಲ್ಲಿರಲಿಲ್ಲ. ಆಕಾಶ ನೋಡುತ್ತಾ ಹದಿನೈದು ದಿನ ಕಾದೆ. ಏಪ್ರಿಲಿನಲ್ಲಿ ಒಂದು ಸಂಜೆ ಕಿವಿ ಹರಿಯುವಂತೆ ಗುಡುಗಿತು. ನಾಯಿ ಆಕಳಿಸಿತು. ಹೆದರಿ ಹಾರಿದವನು ನಾನೇ.

ಊಟದ್ದೇ ದೊಡ್ಡ ಒಗಟಾಯಿತು. ಹೋಟೆಲಿನವರು ಕೂತು ಉಣ್ಣುವುದಿಲ್ಲ; ನಿಂತಲ್ಲೇ, ಸುಮ್ಮನೆ, ನಾಲ್ಕು ತುತ್ತು ಬಾಯಿಗೆ ಹಾಕಿಕೊಂಡು ಓಡುವವರು. ನಾನು ಹಾಗೆ ಒಲೆಯ ಹತ್ತಿರ ನಿಂತು ಉಂಡ ದಿನ ನಾಯಿ ತನ್ನ ಬಟ್ಟಲನ್ನು ಮೂಸಿಯೂ ನೋಡುತ್ತಿರಲಿಲ್ಲ. ಸೋತು ಒಂದು ದಿನ ಬಟ್ಟಲನ್ನು ನೆಲದ ಮೇಲಿಟ್ಟು ಅದರ ಎದುರು ಚಕ್ಕಳಮಕ್ಕಳ ಹಾಕಿ ಕೂತೆ. ನಿನ್ನಿಂದಾಗಿ ನನ್ನ ಮಂಡಿ ಹೋಯಿತು, ನಿನ್ನ ಅಮ್ಮ ನಿನಗೆ ಇದೆಂಥ ರಾಜೋಪಚಾರ ಕಲಿಸಿದ್ದಾಳೆ ಎಂದು ಶುರುಮಾಡಿ, ಭಾವಮೈದುನನಿಂದ ಹಿಡಿದು ಹೆದ್ದಾರಿಯ ಕಂಟ್ರಾಕ್ಟರನವರೆಗೆ ಎಲ್ಲರನ್ನೂ ಬೈಯುತ್ತಾ ಉಂಡೆ. ಅದೂ ತಿಂದಿತು. ಓಹೋ, ಎದುರು ಕೂತು ಉಣ್ಣಬೇಕು, ಇಷ್ಟೇ ಎಂದು ಕ್ಯಾಲೆಂಡರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ಅಕ್ಕನ ಬಟ್ಟಲು, ನಾಯಿಯ ಬಟ್ಟಲು ಎರಡೂ ಒಂದೇ ನಮೂನೆಯ ಸ್ಟೀಲು. ಯಾವುದು ಯಾರದೆಂದು ದೊಡ್ಡಮ್ಮ ತೋರಿಸಿಕೊಡುವಷ್ಟರಲ್ಲಿ ನಾನು ನಾಲ್ಕು ದಿನ ನಾಯಿಯದರಲ್ಲೇ ಉಂಡಾಗಿತ್ತು.

ಬರೆಯುತ್ತಾ ಬರೆಯುತ್ತಾ ಕ್ಯಾಲೆಂಡರಿನ ಮೂರು ಹಾಳೆ ತುಂಬಿತು. ಒಂದು ದಿನ ಅದನ್ನು ಓದಿ ನೋಡುವಾಗ ನನಗೆ ಏನೋ ಕಸಿವಿಸಿ. ಅಕ್ಕನ ಬಗ್ಗೆ ಬರೆ ಎಂದರೆ ನಾನು ಎಷ್ಟು ಹಾಳೆ ತುಂಬಿಸಿಯೇನು? ಪಾಯಸ ಬೇಡ ಎಂಬುದನ್ನೇ ಬೊಜ್ಜದ ದಿನ ಕಲಿತವ ನಾನು. ಅವಳ ಯಾವ ಕಾಲು ನೋಯುತ್ತಿತ್ತು? ಗುಡುಗಿಗೆ ಹೆದರುತ್ತಿದ್ದಳಾ? ಚಿಕ್ಕಂದಿನಲ್ಲಿ ಹೆದರುತ್ತಿದ್ದಳು ಎಂದು ನೆನಪು, ಅಥವಾ ಹೆದರುತ್ತಿದ್ದವನು ನಾನೋ, ಅವಳು ಕಿವಿ ಮುಚ್ಚುತ್ತಿದ್ದದ್ದು ನನ್ನದೋ. ತಲೆ ಕೆಟ್ಟು ಹಾಳೆಯನ್ನು ಮಡಚಿಟ್ಟೆ.

ನಾವುಂದದವರಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಸಿದೆ. ಅವರು ಹ್ಞೂಂ ಹ್ಞೂಂ ಎಂದು ಕೇಳಿ, “ಈಗಳ್ ಸಮ ಆಯ್ತ್. ಕರ್ಕಂಡ್ ಬನ್ನಿ” ಎಂದರು. ಬಿಡಾರದ ಕೀಲಿಯನ್ನು ದೊಡ್ಡಮ್ಮನ ಕೈಗೆ ಕೊಟ್ಟು, ಗೂಡ್ಸ್ ರಿಕ್ಷಾದಲ್ಲಿ ಅಕ್ಕಿಚೀಲ ಹಾಸಿ, ನಾಯಿಯನ್ನೂ ಅದರ ಬಟ್ಟಲನ್ನೂ ಇಟ್ಟುಕೊಂಡು ಹೊರಟೆ. ಕುಂದಾಪುರ ದಾಟಿ, ಮರವಂತೆಯಲ್ಲಿ ಒಂದು ಬದಿ ಕಡಲು ಒಂದು ಬದಿ ಹೊಳೆ ಬಂದಾಗ ಅದು ಎದ್ದುನಿಂತು ಮೂಗು ಗಾಳಿಗೆ ಒಡ್ಡಿತು. ನನಗೆ ಹಿಡಿದುಕೊಳ್ಳುವ ಕೆಲಸ.

ಮನೆ ನೋಡಿದರೆ ಸಂಶಯಕ್ಕೆ ಜಾಗವೇ ಇರಲಿಲ್ಲ. ಸಣ್ಣ ಮನೆ, ದೊಡ್ಡ ಅಂಗಳ, ಅಂಗಳದ ತುಂಬ ಒಣಗಲು ಹಾಕಿದ ಮೀನು, ನೆರಳಿಗೆ ಒಂದು ಹೊನ್ನೆಮರ. ಹೊಸ್ತಿಲು ಅಗಲವಾಗಿತ್ತು, ತಲೆ ಇಡಲಿಕ್ಕೆಂದು ಒಂದು ಗೋಣಿ ಹಾಸಿಯೇ ಇಟ್ಟಿದ್ದರು. ಆ ಹೆಂಗಸು ಅರವತ್ತು ದಾಟಿದವರು, ಕೈಗೆಲ್ಲ ಉಪ್ಪು ಮೆತ್ತಿತ್ತು. ನಾಯಿಯನ್ನು ಮುಟ್ಟಲು ಹೋಗಲಿಲ್ಲ, ಅದೇ ಬಂದು ಮೂಸುವವರೆಗೆ ಸುಮ್ಮನೆ ಕೂತರು. ಅದು ಮೂಸಿತು, ಮರದ ಬುಡದಲ್ಲಿ ಎರಡು ಸುತ್ತು ಹಾಕಿ ಮಲಗಿತು. ಕೊಟ್ಟ ಮಾತು ನಡೆಸಿದೆ, ಇನ್ನು ಯಾವ ಕಾಗೆಯೂ ನನ್ನನ್ನು ಕೇಳುವಂತಿಲ್ಲ ಎಂದು ಬಸ್ಸು ಹತ್ತಿದೆ.

ಹತ್ತಿದ ಮೇಲೆ ಬರಬೇಕಾದ ಸಂತೋಷ ಬರಲಿಲ್ಲ. ಯಾಕೆ ಎಂದು ತಿಳಿಯಲಿಲ್ಲ. ಕುಂದಾಪುರದಲ್ಲಿ ಇಳಿಯುವುದನ್ನು ಮರೆತು ಕೋಟೇಶ್ವರದವರೆಗೆ ಹೋಗಿ, ಅಲ್ಲಿಂದ ವಾಪಸು ಬಂದೆ.

ಮೂರನೆಯ ದಿನ ಮಧ್ಯಾಹ್ನ, ನನ್ನ ಊಟ ಆಗಿ ಅಡ್ಡಾಗುವ ಹೊತ್ತಿಗೆ, ನಾವುಂದದಿಂದ ಫೋನ್ ಬಂತು. “ಹೇಳೂಕ್ ಬೇಜಾರ್. ನಾಯಿ ಒಂದಗಳ್ ಮುಟ್ಲಿಲ್ಲೆ. ಮೂರ್ ದಿನ ಆಯ್ತ್. ಬರೀ ನೀರ್.”

ಅದು ಬ್ರಹ್ಮಾವರದ ಕತೆಯೇ ಮತ್ತೆ. ಹೆದರಿಕೆಯಾದರೆ ನನಗೆ ಸಿಟ್ಟೇ ಬರುವುದು. “ನಾನ್ ಹೇಳ್ದಾಂಗೆ ಎದ್ರ್ ಕೂಕಂಡ್ ಉಂಡ್ರಾ?” ಎಂದು ಜೋರು ಮಾಡಿದೆ.

“ಉಂಡೆ ಮಾರಾಯ್ರೆ. ಮೂರ್ ಹೊತ್ತೂ ನೆಲಕ್ಕ್ ಕೂಕಂಡೇ ಉಂಡೆ. ಈಗಳೂ ನಾನ್ ಅದ್ರ್ ಎದ್ರೇ ಕೂಕಂಡಿದ್ದೆ.” ಅವರ ದನಿ ಒಡೆಯಿತು. “ಹೋದ್ ಮಳಿಗಾಲ್ದಗೆ ಒಂದನ್ನ ಈ ಕೈಯಗೇ ಮಣ್ಣ್ ಮಾಡಿ ಆಯ್ತ್. ಇನ್ನೊಂದ್ ಸಲ ನನ್ನಿಂದ ಆತಿಲ್ಲೆ. ನಾಳೆ ಬಂದ್ ಕರ್ಕಂಡ್ ಹೋಗಿ.”

ಎಲ್ಲಿಗೆ ಕರೆದುಕೊಂಡು ಹೋಗುವುದು? ಇರಿಸಿಕೊಳ್ಳಲು ಬಿಡಾರವೂ ಇಲ್ಲ. ಅಷ್ಟರಲ್ಲಾಗಲೇ ಹಂಚು ಇಳಿಸಿದ್ದರು. ನಾನು ಏನು ಮಾತಾಡುತ್ತಿದ್ದೇನೆಂದು ನನಗೇ ತಿಳಿಯದೆ ಕೂಗಾಡತೊಡಗಿದೆ: ಮೂರು ಹಾಳೆ ಬರೆದು ಓದಿ ಹೇಳಿದ್ದೇನೆ, ಇನ್ನೇನು ಬರೆಯಬೇಕಿತ್ತು, ಈ ನಾಯಿಗೆ ಬುದ್ಧಿ ಇಲ್ಲ, ನನ್ನ ಅಕ್ಕನಿಗೂ ಇರಲಿಲ್ಲ—

“ಹ್ವಾಯ್! ಒಂಚೂರ್ ನಿಲ್ಲಿ,” ಎಂದರು ಅವರು. ಆಮೇಲೆ ಅವಸರದಲ್ಲಿ, “ಇಲ್ಲ ಇಲ್ಲ, ನಿಲ್ಲ್ಬೇಡಿ! ಮಾತಾಡಿ!”

“ಎಂತ?”

“ಕೈಯೆಲ್ಲ ಉಪ್ಪಲ್ದಾ, ಫೋನ್ ಸ್ಪೀಕರಿಗೆ ಹಾಕಿ ನೆಲದ್ ಮೇಲೆ ಇಟ್ಟಿದ್ದೆ. ನಿಮ್ಮ್ ದನಿ ಕೇಂಡ್ ನಾಯಿ ಎದ್ ಬಂದ್ ಫೋನಿನ್ ಎದ್ರ್ ಕೂಕಂತ್ ಕಾಣಿ. ಮಾತಾಡಿ, ಮಾತಾಡಿ.”

ಮಾತಾಡು ಎಂದರೆ ಏನು ಮಾತಾಡುವುದು? “ಹೆಣೆ, ಉಂಡ್ಯಾ?” ಎಂದೆ. “ಎಂತ ವಿಶೇಷ?” ಎಂದೆ. ಇಲ್ಲಿ ಸೆಕೆ ಎಂದೆ. ಬಟ್ಟಲು ನೆಲಕ್ಕೆ ತಾಗುವ ಸದ್ದು, ಲಪಲಪ ನೆಕ್ಕುವ ಸದ್ದು ಕೇಳಿಸಿತು. ನಾನು ದಂಗಾಗಿ ನಿಲ್ಲಿಸಿದೆ. ಆ ಕಡೆ ನೆಕ್ಕುವುದೂ ನಿಂತಿತು.

ನಾನು ಅದೇ ಮೂರು ಮಾತನ್ನು ಮತ್ತೆ ಮತ್ತೆ ಹೇಳಿದೆ. ಅವರು ಬಟ್ಟಲು ಖಾಲಿಯಾದ ಮೇಲೆ ಫೋನ್ ಇಟ್ಟರು. ನಾನು ಕೂಡಲೇ ಕೋಟಕ್ಕೆ, ದೊಡ್ಡಮ್ಮನಿಗೆ ಫೋನ್ ಹಚ್ಚಿ ನಡೆದದ್ದನ್ನು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ಅಯ್ಯೊ, ಅದಾ? ನೀವ್ ಪ್ರತೀ ಐತಾರ ಫೋನ್ ಮಾಡ್ತಿದ್ರಲ್ದಾ? ಆಗಳ್ ನಿಮ್ಮಕ್ಕ ಉಂಬುಕ್ ಕೂಕಂಬುದ್. ಫೋನ್ ದೊಡ್ಡದ್ ಮಾಡಿ ನೆಲದ್ ಮೇಲೆ ಇಟ್ಕಂಬುದ್, ಬಟ್ಲ್ ಒಂದ್ ಬದಿ, ನಾಯಿ ಬಟ್ಲ್ ಒಂದ್ ಬದಿ. ತಮ್ಮ ಬಂದ ಹೆಣೆ, ಉಂಬ ಬಾ ಅಂದೇಳಿ ಅದನ್ನ ಕರೂದ್. ನಾಲ್ಕ್ ವರ್ಷ ಅದೇ. ಬಾಕಿ ದಿನ ಉಂಬುಕ್ ಕೂಕಂಡಾಗ್ಳೂ ಅದ್ರ್ ಹತ್ರ ನಿಮ್ಮ್ ಸುದ್ದಿಯೇ.”

ಭಾನುವಾರದ ಆ ಫೋನು ನನ್ನ ಮಟ್ಟಿಗೆ ಎರಡು ನಿಮಿಷದ ಕೆಲಸ. ನನ್ನ ಊಟ ಮುಗಿಸಿ, ಅಡ್ಡಾಗುವ ಮೊದಲು, ಉಂಡ್ಯಾ, ಎಂತ ವಿಶೇಷ, ಇಲ್ಲಿ ಸೆಕೆ, ಸರಿ ಇಡ್ತೆ. ಕುಂದಾಪುರದಿಂದ ಕೋಟಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮುಂಬೈ ಬಿಟ್ಟು ಬಂದ ಐದು ವರ್ಷದಲ್ಲಿ ನಾನು ಅಲ್ಲಿಗೆ ಹೋಗಿ ಉಂಡದ್ದು ಬೆರಳೆಣಿಕೆಯಷ್ಟು ಸಲವೂ ಇಲ್ಲ.

“ನಾನ್ ಮರ್ತ ಐತಾರ?” ಎಂದು ಕೇಳಿದೆ. ಕೇಳಬಾರದಿತ್ತು.

“ಕಾಯೂದ್,” ಎಂದರು ದೊಡ್ಡಮ್ಮ. “ಮೂರ್ ಗಂಟಿ, ಮೂರೂವರೆ. ನಾಯಿನೂ ಕಾಯೂದ್. ನಾನ್ ಬೈದ್ರೆ, ತಮ್ಮಂಗೆ ಎಂತದೋ ಗಡಿಬಿಡಿ ಇರ್ಕ್ ಅಂಬುದ್.”

ನಾನು ಫೋನ್ ಇಟ್ಟು ಬಚ್ಚಲಿಗೆ ಹೋಗಿ, ನೀರಿನ ನಲ್ಲಿ ಬಿಟ್ಟು ಅತ್ತೆ. ಅಕ್ಕ ಸತ್ತ ದಿನ ಅತ್ತಿರಲಿಲ್ಲ. ಬೊಜ್ಜದ ದಿನ ಹಸಿವಿನಲ್ಲಿ ಅದೂ ಮರೆತುಹೋಗಿತ್ತು. ಹೊರಗೆ ಬಂದಾಗ ಹೆಂಡತಿ ನನ್ನ ಮುಖ ನೋಡಿದಳು. ನಾಯಿಯನ್ನು ಇಲ್ಲಿಗೆ ತರುವುದಾದರೆ ಮನೆ ಮಾಲೀಕರ ಹತ್ತಿರ ತಾನೇ ಮಾತಾಡುತ್ತೇನೆ, ಉಬ್ಬಸಕ್ಕೆ ಮಾತ್ರೆ ಇದ್ದೇ ಇದೆ ಎಂದಳು. ಅವಳು ಹಾಗೆ ಹೇಳಿಯಾಳು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನನಗೆ ಎಲ್ಲವೂ ಇನ್ನಷ್ಟು ಗೋಜಲಾಯಿತು. ಒಳ್ಳೆಯ ಮನೆ ಎಂದರೆ ಯಾವುದು? ಹೊನ್ನೆಮರ, ಅಗಲ ಹೊಸ್ತಿಲು, ಮಣ್ಣು ಮಾಡಲು ಹೆದರುವಷ್ಟು ಪ್ರೀತಿ ಇರುವ ಮನೆಯೋ? ಇಪ್ಪತ್ತೆರಡು ಮೆಟ್ಟಿಲು ಹತ್ತಿಸಬೇಕಾದ, ಆದರೆ ಅದಕ್ಕೆ ಗೊತ್ತಿರುವ ದನಿ ಇರುವ ಮನೆಯೋ?

ನಾವುಂದದವರಿಗೇ ಕೇಳಿದೆ. “ಕುಂಟ್ ಕಾಲ್ ನಾಯಿಗೆ ಮಾಳಿಗಿ ಎಂತಕೆ? ಇಲ್ಲೇ ಇರ್ಲಿ. ನನ್ ದನಿ ಗುರ್ತ ಆಪಲ್ಲಿವರಿಗೆ ನೀವ್ ಒಂದ್ ಗಂಟಿಗೆ ದಿನಾ ಫೋನ್ ಮಾಡಿ. ಆದ್ರೆ ಮರೂಕಾಗ ಕಾಣಿ. ಮರ್ತ್ರೆ ಅದ್ ಕಾಯ್ತ್.”

ಮರುದಿನ ಹನ್ನೆರಡೂವರೆಗೇ ನಾನು ಫೋನ್ ಹಿಡಿದು ಕೂತಿದ್ದೆ. ಸರಿಯಾಗಿ ಒಂದು ಗಂಟೆಗೆ ಮಾಡಿದೆ. ಅವರು ಸ್ಪೀಕರ್ ಹಾಕಿ ಇಟ್ಟರು. ಬಟ್ಟಲಿನ ಸದ್ದು ಬಂತು. ನಾನು ಸೆಕೆಯಿಂದ ಶುರುಮಾಡಿದೆ. ಅಲ್ಲಿಗೆ ಎರಡು ನಿಮಿಷ. ಆಮೇಲೆ ನನ್ನ ಸಕ್ಕರೆ ಕಾಯಿಲೆಯ ಸುದ್ದಿ ಹೇಳಿದೆ, ಅಕ್ಕನಿಗೆ ಅದನ್ನು ಹೇಳಿರಲಿಲ್ಲ. ಕ್ಯಾಂಟೀನ್ ಯಾಕೆ ಮುಚ್ಚಿದೆ ಎಂದು ಹೇಳಿದೆ. ಚಿಕ್ಕಂದಿನಲ್ಲಿ ಗುಡುಗಿದಾಗ ಕಿವಿ ಮುಚ್ಚಿಕೊಂಡದ್ದು ನೀನೋ ನಾನೋ ಎಂದು ಕೇಳಿದೆ. ಯಾರನ್ನು ಕೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ತುಂಬಾ ಹೊತ್ತಿನ ಮೇಲೆ ನಾವುಂದದ ಹೆಂಗಸು, “ಬಟ್ಲ್ ಖಾಲಿ ಆಯ್ತ್ ಮಾರಾಯ್ರೆ. ಇಡ್ತ್ರಾ?” ಎಂದರು.

“ಬ್ಯಾಡ, ಇಡ್ಬೇಡಿ,” ಎಂದೆ. ಹೆಂಡತಿ ಬಡಿಸಿಟ್ಟ ಅನ್ನ ತಣಿದುಹೋಗಿತ್ತು. ನಾನು ಬಟ್ಟಲು ಎಳೆದುಕೊಂಡು ನೆಲಕ್ಕೆ ಕೂತೆ, ಫೋನನ್ನು ಎದುರಿಗೆ ಇಟ್ಟುಕೊಂಡು ಉಣ್ಣತೊಡಗಿದೆ.